ಎತ್ತಿಗೆ ಹಚ್ಚಿದ ಅಸ್ತರು

ತಾಂಬಾದ ಖಂಡೆಪ್ಪನ ಕೆಲಸ ಕೆಟ್ಟದ್ದು ಗುರುಲಿಂಗಪ್ಪನ ಮೀಸೆಯಿಂದ. ದೇವರು ಕೊಟ್ಟ ಮೀಸೆ ಇದ್ದಷ್ಟೇ ಇರಲಿ ಎಂದು ಆ ಮನುಷ್ಯ ಒಪ್ಪಿದ್ದರೆ, ಎಪ್ಪತ್ತನಾಲ್ಕನೆಯ ಇಸವಿಯ ಕಾರ ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ಖಂಡೆಪ್ಪ ಸ್ವತಂತ್ರ ಕಲಾವಿದನಾಗಿಬಿಡುತ್ತಿದ್ದ. ಆದರೆ ಮೀಸೆಯ ವಿಷಯದಲ್ಲಿ ಗಂಡಸಿಗೆ ಬುದ್ಧಿ ಹೇಳಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಸ್ವತಂತ್ರ ಕಲಾವಿದ ಎಂಬ ಮಾತನ್ನು ಅದಕ್ಕೆ ಮುಂಚೆ ತಾಂಬಾದಲ್ಲಿ ಯಾರೂ ಕೇಳಿರಲಿಲ್ಲ. ಕೈಯಲ್ಲಿ ಚಿತ್ರ ಬಂದರೆ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಬೇಕು, ಇಲ್ಲವೇ ಅಂಗಡಿಗಳಿಗೆ ಬೋರ್ಡು ಬರೆದುಕೊಂಡು ಇರಬೇಕು. ಖಂಡೆಪ್ಪ ಮಾಸ್ತರಿಕೆಯ ತರಬೇತಿ ಮುಗಿಸಿದವನೇ. ನಾಲತವಾಡದಲ್ಲಿ ಜಾಗವೂ ಕಾಯುತ್ತಿತ್ತು. ಅದನ್ನು ಬಿಟ್ಟು ಧಾರವಾಡಕ್ಕೆ ಹೋಗಿ, ಸಂಬಳದ ಹಂಗಿಲ್ಲದೆ ಚಿತ್ರದಿಂದಲೇ ಬದುಕಬೇಕೆನ್ನುವವರಿಗಾಗಿ ನಡೆಯುತ್ತಿದ್ದ ಮೇಲಿನ ತರಬೇತಿಗೆ ಸೇರಿಕೊಂಡ. ಅಲ್ಲಿ ಅವನಿಗೆ ಮನುಷ್ಯನ ಎಲುಬುಗಳನ್ನು ಕಲಿಸಿದರು, ಎಣ್ಣೆಬಣ್ಣ ಕಲಿಸಿದರು, ಪ್ರದರ್ಶನ ಏರ್ಪಡಿಸುವುದನ್ನು ಕಲಿಸಿದರು. ಗಿರಾಕಿಯ ಮುಂದೆ ಎಷ್ಟು ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಬೇಕು ಎಂಬುದನ್ನೂ ಕಲಿಸಿದರು. ಗಿರಾಕಿಯೇ ಸಿಗದಿದ್ದರೆ ಏನು ಮಾಡಬೇಕು ಎಂಬುದು ಮಾತ್ರ ಪಾಠದಲ್ಲಿ ಇರಲಿಲ್ಲ.

ಅದು ನೇರವಾಗಿ ಪರೀಕ್ಷೆಯಲ್ಲೇ ಬಂತು. ಕೊನೆಯ ಪರೀಕ್ಷೆ ಹೀಗಿತ್ತು: ವಿದ್ಯಾರ್ಥಿ ತನ್ನ ಊರಿಗೆ ಹೋಗಿ ಒಬ್ಬನೇ ಕೆಲಸ ಮಾಡಬೇಕು, ಊರಿನವರಲ್ಲಿ ಒಬ್ಬರಾದರೂ ತಾವಾಗಿ ಬಂದು ಅವನಿಂದ ಚಿತ್ರ ಬರೆಸಬೇಕು, ಗುರುಗಳು ಬಂದಾಗ ಆ ಗಿರಾಕಿ ಎದುರು ನಿಂತು, ‘ಇದನ್ನು ಇವನಿಂದ ನಾನೇ ಬರೆಸಿದೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಪ್ರಮಾಣಪತ್ರ, ಇಲ್ಲದಿದ್ದರೆ ಇಲ್ಲ. ತರಬೇತಿಯ ಗುರು ಹೆಬ್ಬಳ್ಳಿ ಸರ್ ಕಾರ ಹುಣ್ಣಿಮೆಯ ಸಂಜೆಯ ಬಸ್ಸಿಗೆ ತಾಂಬಾಕ್ಕೆ ಬರುವುದೆಂದು ಗೊತ್ತಾಗಿತ್ತು.

ಖಂಡೆಪ್ಪ ಊರಿಗೆ ಬಂದವನೇ ಮನೆಯ ಪಡಸಾಲೆಯ ಗೋಡೆಗೆ ತನ್ನ ಚಿತ್ರಗಳನ್ನೆಲ್ಲ ತೂಗುಹಾಕಿದ. ಬಾಗಿಲನ್ನು ಅಗಲವಾಗಿ ತೆರೆದಿಟ್ಟು ಕೂತ. ದಾರಿಯಲ್ಲಿ ಹೋಗುವವರು ಇಣುಕುತ್ತಿದ್ದರು, ಊಟವಾಯಿತೇ ಎಂದು ಕೇಳುತ್ತಿದ್ದರು, ಮುಂದೆ ಹೋಗುತ್ತಿದ್ದರು. ಗೋಡೆಯ ಕಡೆಗೆ ಒಬ್ಬರೂ ಕಣ್ಣೆತ್ತುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಇದು ಪಡಸಾಲೆಯಲ್ಲೇ ಬೆಳೆದ ಗಿಡ, ಇನ್ನೇನಾದೀತು?

ಅವನು ತಾನಾಗಿಯೇ ಮನೆಮನೆಗೆ ಹೋಗಿ ನೋಡಿದ. ದೇವರ ಚಿತ್ರ ಬೇಕೇ ಎಂದರೆ ಗೊಬ್ಬರದ ಅಂಗಡಿಯವರು ವರ್ಷಕ್ಕೊಮ್ಮೆ ಕ್ಯಾಲೆಂಡರು ಕೊಡುತ್ತಾರೆ ಎಂದರು. ಹಿರಿಯರ ಚಿತ್ರ ಬೇಕೇ ಎಂದರೆ ಅವರು ಸತ್ತ ಮೇಲೆ ಇಂಡಿಯಲ್ಲಿ ಫೋಟೋ ದೊಡ್ಡದು ಮಾಡಿಸುತ್ತೇವೆ, ಈಗಲೇ ಯಾಕೆ ಅವಸರ ಎಂದರು. ಅವನನ್ನು ಸಣ್ಣವನಿಂದ ಸಾಕಿದ ದೊಡ್ಡವ್ವ ಸಿದ್ದವ್ವ ಒಬ್ಬಳೇ ಅವನ ಕ್ಯಾನ್ವಾಸನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುವಿ ನೋಡಿದವಳು. ಖಂಡೆಪ್ಪನ ಕಣ್ಣು ತುಂಬಿ ಬಂತು. ಮರುದಿನ ನೋಡಿದರೆ ಅದು ಮಾಳಿಗೆಯ ಮೇಲೆ ಬೋರಲು ಬಿದ್ದಿತ್ತು, ಅದರ ಬೆನ್ನ ಮೇಲೆ ಸಂಡಿಗೆ ಒಣಗುತ್ತಿತ್ತು.

ಅವನಿಗೆ ಒಂಟಿತನ ಎಂದರೆ ಏನೆಂಬುದು ಧಾರವಾಡದ ಬಾಡಿಗೆ ಕೋಣೆಯಲ್ಲಿ ಗೊತ್ತಾಗಿರಲಿಲ್ಲ, ಹುಟ್ಟಿದ ಊರಲ್ಲಿ ಗೊತ್ತಾಯಿತು. ಊರಿನವರಿಗೆ ಅವನ ಮೇಲೆ ಸಿಟ್ಟಿರಲಿಲ್ಲ, ಪ್ರೀತಿಯೇ ಇತ್ತು. ಆದರೆ ಅವನು ಮಾಡಿದ್ದನ್ನು ನೋಡಬೇಕೆಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಅವನು ತನ್ನ ಚಿತ್ರಗಳ ಹತ್ತಿರ ತಾನೇ ಮಾತಾಡತೊಡಗಿದ್ದ. ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ಅವನಿಗೆ ಬೇಕಾಗಿದ್ದದ್ದು ಆ ಒಂದು ಮಾತು, ಯಾರ ಬಾಯಿಂದಲಾದರೂ ಸರಿ.

ಕಾರ ಹುಣ್ಣಿಮೆಯ ಬೆಳಿಗ್ಗೆ ಆ ಬಾಯಿ ತಾನಾಗಿಯೇ ಅವನ ಮನೆ ಹುಡುಕಿಕೊಂಡು ಬಂತು. ಅದರ ಮೇಲೆ ಒಂದು ಮೀಸೆಯೂ ಇತ್ತು.

ಗುರುಲಿಂಗಪ್ಪ ಹೊಲಮನೆಯ ಮಟ್ಟಿಗೆ ಗಟ್ಟಿ ಕುಳ, ಹೆಸರಿನ ಆಸೆ ಅದಕ್ಕಿಂತ ಗಟ್ಟಿ. ಬಾಗೇವಾಡಿಯ ದನದ ಸಂತೆಯಿಂದ ಹೊಸ ಎತ್ತು ತಂದು, ಯಾರ ಕಣ್ಣಿಗೂ ಬೀಳದಂತೆ ಹೊಲದ ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸುತ್ತಿದ್ದ. ಆ ದಿನ ಸಂಜೆ ಊರ ಹೆಬ್ಬಾಗಿಲಾದ ಅಗಸಿಯಲ್ಲಿ ಕರಿ ಹರಿಯುವುದಿತ್ತು. ಬೇವಿನ ಸೊಪ್ಪು ಕಟ್ಟಿದ ಹಗ್ಗವನ್ನು ಅಗಸಿಗೆ ಅಡ್ಡ ಬಿಗಿದು ಎತ್ತುಗಳನ್ನು ಓಡಿಸುತ್ತಾರೆ. ಅದನ್ನು ಮೊದಲು ಹರಿದದ್ದು ಕೆಂದೆತ್ತಾದರೆ ಆ ವರ್ಷ ಮುಂಗಾರಿ ಬೆಳೆ ಸರಸ, ಬಿಳಿ ಎತ್ತಾದರೆ ಹಿಂಗಾರಿ. ಗುರುಲಿಂಗಪ್ಪನ ಎತ್ತು ಅಪ್ಪಟ ಕೆಂದು, ಓಟದಲ್ಲಿ ಗಾಳಿ. ಗೆಲ್ಲುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಎತ್ತು ಗೆದ್ದಾಗ ಜನ ಎತ್ತನ್ನೇ ನೋಡಿ ತನ್ನನ್ನು ಮರೆತುಬಿಟ್ಟರೆ ಎಂಬುದೊಂದೇ ಚಿಂತೆ.

“ಎತ್ತಿನ ಒಂದ ಮಗ್ಗಲಕ ನನ್ನ ಚಿತ್ರ ತಗಿ, ಇನ್ನೊಂದ ಮಗ್ಗಲಕ ಬಸವಣ್ಣನ್ನ ತಗಿ,” ಎಂದ. “ಎತ್ತ ಓಡಿದಲ್ಲೆಲ್ಲಾ ನಾನೂ ಓಡಬೇಕ ನೋಡು.”

ಖಂಡೆಪ್ಪ ಎರಡನೆಯ ಮಾತಾಡದೆ ಒಪ್ಪಿದ. ಎತ್ತಾದರೇನು, ಗೋಡೆಯಾದರೇನು? ಕೂಲಿಯ ಮಾತೆತ್ತಲಿಲ್ಲ, ಒಂದೇ ಕರಾರು ಹಾಕಿದ.

“ಕಾಕಾ, ಸಂಜೀಕ ನಮ್ಮ ಸರ್ ಬರ್ತಾರ. ಅವರ ಮುಂದ ‘ಇದು ಖಂಡೆಪ್ಪನ ಕಡಿಂದ ನಾನ ತಗಸೇನಿ’ ಅಂತ ಒಂದ ಮಾತ ಹೇಳ್ರಿ. ಅಷ್ಟ ಸಾಕು.”

“ಹೇಳಿದ್ರ ನನ್ನ ಗಂಟೇನ ಹೋಗತೈತಿ? ಹತ್ತ ಸಲ ಹೇಳ್ತೇನಿ ನಡಿ,” ಎಂದ ಗುರುಲಿಂಗಪ್ಪ.

ಇಬ್ಬರೂ ಕೊಟ್ಟಿಗೆ ಸೇರಿದರು. ಬೇರೆ ಯಾವನಾದರೂ ಆಗಿದ್ದರೆ ಒಂದು ಡಬ್ಬಿ ಬಣ್ಣ ತೆಗೆದು ಎತ್ತಿನ ಮೈಮೇಲೆ ಎಳೆದು ಮಧ್ಯಾಹ್ನದ ಹೋಳಿಗೆ ಊಟಕ್ಕೆ ಮನೆಗೆ ಬರುತ್ತಿದ್ದ. ಆದರೆ ಖಂಡೆಪ್ಪ ತರಬೇತಾದವನು. ಮೊದಲು ಅಸ್ತರಿನ ಬಿಳಿ ಲೇಪ ಹಾಕದೆ ಬಣ್ಣ ಹಚ್ಚುವವನು ಕಲಾವಿದನಲ್ಲ, ಸುಣ್ಣ ಬಳಿಯುವವನು ಎಂದು ಹೆಬ್ಬಳ್ಳಿ ಸರ್ ಹೇಳಿದ್ದು ಅವನ ಎದೆಯಲ್ಲಿ ಕೂತಿತ್ತು. ಕೆಂಪು ಮೈಮೇಲೆ ಗುರುಲಿಂಗಪ್ಪನ ಮುಖ ಎದ್ದು ಕಾಣುವುದೂ ಇಲ್ಲ. ಅಂಟು ಕಾಸಿ, ಬಿಳಿ ಪುಡಿ ಕಲಸಿ, ಎರಡೂ ಮಗ್ಗಲಿಗೆ ಬಳಿದ. ತಲೆ, ಕುತ್ತಿಗೆ, ಬೆನ್ನು, ಕಾಲು ಮಾತ್ರ ಕೆಂಪಾಗಿ ಉಳಿದು ತೇಪೆ ಹಾಕಿದ ಅಂಗಿಯಂತೆ ಕಂಡದ್ದರಿಂದ ಅವಕ್ಕೂ ಬಳಿದ. ಎತ್ತು ಪಾಪದ ಪ್ರಾಣಿ. ಕುಂಚ ಆಡಿಸಿದಷ್ಟೂ ಅದಕ್ಕೆ ಸುಖವಾಗುತ್ತಿತ್ತು, ಕಣ್ಣು ಅರೆಮುಚ್ಚಿ ನಿಂತಿತ್ತು. ಇಷ್ಟು ದಿನಗಳಲ್ಲಿ ತನ್ನ ಕೆಲಸಕ್ಕೆ ತಲೆದೂಗಿದ ಮೊದಲ ಜೀವ ಇದು ಎಂದುಕೊಂಡ ಖಂಡೆಪ್ಪ.

ಅಸ್ತರು ಒಣಗಿದ ಮೇಲೆ ಇದ್ದಿಲಿನಿಂದ ಗುರುಲಿಂಗಪ್ಪನ ಮುಖ ಗೀಚಿದ. ಹೋಲಿಕೆ ಚೆನ್ನಾಗಿಯೇ ಬಂದಿತ್ತು. ಅಲ್ಲಿಯೇ ತೊಂದರೆಯಾದದ್ದು.

ಗುರುಲಿಂಗಪ್ಪ ಹಿಂದೆ ಸರಿದು ನೋಡಿ, ಮೀಸೆ ಸಣ್ಣದಾಯಿತು ಎಂದ. ಖಂಡೆಪ್ಪ ದೊಡ್ಡದು ಮಾಡಿದ. ಇನ್ನೂ ಸ್ವಲ್ಪ ಎಂದ. ಅದನ್ನೂ ಮಾಡಿದ. ಮೀಸೆ ಎತ್ತಿನ ಮುಂಗಾಲಿಗೂ ಹಿಂಗಾಲಿಗೂ ಮುಟ್ಟಿದಾಗ ಮುಖ ಸಣ್ಣದಾಯಿತು ಎಂಬ ತಕರಾರು ಬಂತು. ಅಳಿಸಿ ಅಳಿಸಿ ಇದ್ದಿಲು ಹರಡಿ ಎತ್ತಿನ ಮಗ್ಗಲು ಒಲೆಯ ಗೋಡೆಯಂತಾಯಿತು. ಮತ್ತೆ ಅಸ್ತರು ಕಲಸಿ ಬಳಿಯಬೇಕಾಯಿತು, ಮತ್ತೆ ಒಣಗಲು ಕಾಯಬೇಕಾಯಿತು.

ಎರಡನೆಯ ಸಲ ಮುಖ ಮೂಡುವ ಹೊತ್ತಿಗೆ ಎತ್ತಿನ ಬೆನ್ನಿಗೆ ಹೊದಿಸುವ ಝೂಲ ಹೊಲಿದುಕೊಂಡು ದರ್ಜಿ ನಬಿಲಾಲ ಬಂದ. ಯಾರೂ ಅವನ ಅಭಿಪ್ರಾಯ ಕೇಳಲಿಲ್ಲ. ಕೇಳಿದರೆ ಮಾತ್ರ ಹೇಳುವವನೂ ಅವನಲ್ಲ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ, ಇದು ಗುರುಲಿಂಗಪ್ಪನಿಗಿಂತ ಅವನ ಹೆಂಡತಿಯ ಅಪ್ಪನಂತೆ ಕಾಣುತ್ತದೆ ಎಂದುಬಿಟ್ಟ. ಮಾವನಿಗೂ ಅಳಿಯನಿಗೂ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಗುರುಲಿಂಗಪ್ಪ ದಡದಡನೆ ಹೋಗಿ ತನ್ನ ಧೋತರದ ತುದಿಯಿಂದಲೇ ಆ ಮುಖವನ್ನು ಒರೆಸಿಹಾಕಿದ. ಮೂರನೆಯ ಅಸ್ತರು ಬಿತ್ತು.

ಮೂರನೆಯದು ಒಣಗುವ ಮೊದಲೇ ಊರಿನ ಕಡೆಯಿಂದ ಹಲಗೆ ಬಾರಿಸುವ ಸಪ್ಪಳ ಕೇಳಿಸಿತು. ಎತ್ತುಗಳು ಅಗಸಿಗೆ ಹೊರಟಿದ್ದವು. ಎತ್ತಿನ ಮೇಲೆ ಗುರುಲಿಂಗಪ್ಪನೂ ಇರಲಿಲ್ಲ, ಬಸವಣ್ಣನೂ ಇರಲಿಲ್ಲ, ಕೊಂಬಿನಿಂದ ಗೊರಸಿನವರೆಗೆ ಬರೀ ಬಿಳುಪು ಇತ್ತು. ಗುರುಲಿಂಗಪ್ಪನೇ ಖಂಡೆಪ್ಪನಿಗೆ ಧೈರ್ಯ ಹೇಳಿದ. ಈಗ ಹೀಗೆಯೇ ಓಡಲಿ, ಕರಿ ಹರಿದ ಮೇಲೆ ಅಗಸಿಯಲ್ಲೇ ನಿಲ್ಲಿಸುತ್ತೇನೆ, ಊರಿಗೆ ಊರೇ ನೋಡುತ್ತಿರುವಾಗ ನನ್ನ ಚಿತ್ರ ತೆಗೆ, ನಿನ್ನ ಸರ್ ಕೂಡ ನೋಡಲಿ ಎಂದ.

ಖಂಡೆಪ್ಪನಿಗೆ ಅಳುವಷ್ಟು ಸಂತೋಷವಾಯಿತು. ಊರಿನ ಜನ ಸುತ್ತ ನಿಂತು ತಾನು ಚಿತ್ರ ತೆಗೆಯುವುದನ್ನು ಉಸಿರು ಬಿಗಿಹಿಡಿದು ನೋಡುವುದನ್ನು ನೆನೆಯುತ್ತ ಅವನು ಎತ್ತಿನ ಹಿಂದೆ ಓಡಿದ.

ಅಗಸಿಯಲ್ಲಿ ಕೆಂದೆತ್ತುಗಳು ಒಂದು ಕಡೆ, ಬಿಳಿ ಎತ್ತುಗಳು ಒಂದು ಕಡೆ ಸಾಲಾಗಿ ನಿಂತಿದ್ದವು. ಕರಿ ಹರಿಯುವ ಕೆಲಸವನ್ನು ನಡೆಸಿಕೊಡುವ ಊರ ಹಿರಿಯ ರೇವಪ್ಪ ಮುತ್ಯಾ ಗುರುಲಿಂಗಪ್ಪನ ಎತ್ತನ್ನು ಒಮ್ಮೆ ನೋಡಿ ಬಿಳಿಯ ಸಾಲಿಗೆ ಕೈ ತೋರಿಸಿದ. ಇದು ಕೆಂದೆತ್ತು ಎಂದು ಹೇಳಲು ಗುರುಲಿಂಗಪ್ಪ ಬಾಯಿ ತೆರೆದ. ಆದರೆ ಬೆಳ್ಳಗೆ ಹೊಳೆಯುವ ಎತ್ತಿನ ಪಕ್ಕದಲ್ಲಿ ನಿಂತು ಹಾಗೆ ಹೇಳುವುದು ಹೇಗೆ? ಅಷ್ಟರಲ್ಲಿ ಹಲಗೆ ಜೋರಾಯಿತು. ಎತ್ತು ಹಗ್ಗ ಕಿತ್ತುಕೊಂಡು ಹೋಯಿತು. ಮಿಕ್ಕ ಎತ್ತುಗಳು ಇನ್ನೂ ಕಿವಿ ನಿಮಿರಿಸುತ್ತಿರುವಾಗಲೇ ಬೇವಿನ ಹಗ್ಗ ಅದರ ಎದೆಗೆ ತಾಗಿ ಎರಡು ತುಂಡಾಗಿತ್ತು.

ಬಿಳಿ ಎತ್ತು ಹರಿಯಿತು ಎಂಬ ಕೂಗು ಅಗಸಿಯಿಂದ ಎದ್ದು ಊರ ತುಂಬ ಹೋಯಿತು. ತಾಂಬಾದ ಎರೆ ಭೂಮಿಗೆ ಹಿಂಗಾರಿಯೇ ಜೀವ. ಬಿಳಿಜೋಳ, ಕಡಲೆ, ಕುಸುಬೆ ಬಂದರೆ ವರ್ಷವೆಲ್ಲ ಹಬ್ಬ. ಹಿಂದಿನ ಎಷ್ಟೋ ಕಾರ ಹುಣ್ಣಿಮೆಗಳಲ್ಲಿ ಕೆಂದೆತ್ತುಗಳೇ ಗೆದ್ದು ಜನ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಹೋಗಿದ್ದರು. ಈಗ ಮುದುಕರು ಕುಣಿದರು. ಗುರುಲಿಂಗಪ್ಪನನ್ನು ಹೆಗಲ ಮೇಲೆ ಹೊತ್ತರು, ಗುಲಾಲು ಎರಚಿದರು. ಅವನ ಮೀಸೆಯನ್ನು ಎತ್ತಿನ ಮೇಲೆ ಹುಡುಕುವ ಅಗತ್ಯವೇ ಯಾರಿಗೂ ಬೀಳಲಿಲ್ಲ, ಎಲ್ಲರೂ ನೇರವಾಗಿ ಅವನ ಮುಖವನ್ನೇ ನೋಡುತ್ತಿದ್ದರು.

ಆ ಗದ್ದಲದ ನಡುವೆ ಬಸ್ಸು ಬಂದು ನಿಂತಿತು. ಹೆಗಲಿಗೆ ಬಟ್ಟೆಯ ಚೀಲ, ಕುರುಚಲು ಗಡ್ಡ, ಪ್ರಯಾಣದ ಧೂಳು ಹೊತ್ತುಕೊಂಡು ಹೆಬ್ಬಳ್ಳಿ ಸರ್ ಇಳಿದರು. ಖಂಡೆಪ್ಪ ಅವರನ್ನು ಜನರ ನಡುವೆ ತೂರಿಸಿಕೊಂಡು ಗುರುಲಿಂಗಪ್ಪನ ಹತ್ತಿರ ತಂದು ನಿಲ್ಲಿಸಿದ. ಇವರೇ ನನ್ನ ಗಿರಾಕಿ ಎಂದ. ಸರ್ ಕೈ ಮುಗಿದು, ಇವನಿಂದ ನೀವು ಚಿತ್ರದ ಕೆಲಸ ಮಾಡಿಸಿದ್ದು ಹೌದೇ ಎಂದು ಕೇಳಿದರು.

ಗುರುಲಿಂಗಪ್ಪ ಹೆಗಲ ಮೇಲಿನಿಂದ ಜನರನ್ನು ನೋಡಿದ. ಜನ ಅವನನ್ನು ನೋಡಿದರು. ಎತ್ತಿಗೆ ಬಣ್ಣ ಬಳಿಸಿದೆ ಎಂದರೆ ಆ ಹೆಗಲುಗಳು ಅವನನ್ನು ಎಲ್ಲಿಗೆ ಬಿಸಾಡಿಯಾವು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಚಿತ್ರದ ಕೆಲಸಾ? ನಾನು?” ಎಂದ. “ಎತ್ತಿಗಿ ಬಣ್ಣಾ ಹಚ್ಚಸಾಕ ನನಗೇನ ಹುಚ್ಚ ಹಿಡದೈತೇನ್ರಿ? ಇದು ಹುಟ್ಟಾ ಬಿಳೀ ಎತ್ತರಿ.”

ಬಣ್ಣದ ಮಾತನ್ನು ಸರ್ ಎತ್ತಿಯೇ ಇರಲಿಲ್ಲ. ಅದನ್ನು ಗಮನಿಸುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಖಂಡೆಪ್ಪ ಮೊಣಕೈಯವರೆಗೆ ಬೆಳ್ಳಗಾಗಿದ್ದ ತನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿದ. ಹಬ್ಬಕ್ಕೆ ಮನೆಗೆ ಸುಣ್ಣ ಬಳಿದಿರಬೇಕು ಎಂದರು ಯಾರೋ. ಅವನು ನಬಿಲಾಲನ ಕಡೆ ತಿರುಗಿದ. ನಬಿಲಾಲ ಒಂದು ಕ್ಷಣ ನೆಲ ನೋಡಿದ. ಸುತ್ತ ನಿಂತವರೆಲ್ಲ ಅವನಲ್ಲಿ ಅಂಗಿ ಹೊಲಿಸುವವರು.

“ನಾ ಝೂಲಾ ಕೊಟ್ಟ ಹಂಗ ಬಂದೇನಪಾ,” ಎಂದ. “ಎತ್ತಿನ ಮಾರಿ ನೋಡಿಲ್ಲ.”

ಇಷ್ಟು ಜನರ ನಡುವೆ ನಿಂತು ಇಷ್ಟು ಒಂಟಿಯಾಗಿ ಖಂಡೆಪ್ಪ ಯಾವತ್ತೂ ಇರಲಿಲ್ಲ. ಕೊನೆಗೆ ಮಾನ ಬಿಟ್ಟು ಗಟ್ಟಿಯಾಗಿ ಹೇಳಿದ:

“ಅದು ಕೆಂದೆತ್ತ ಐತ್ರಿ. ಬಿಳೇದು ನಾ ಮಾಡೇನಿ.”

ಜನ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವನ ಮಾತು ಕಿವಿಗೆ ಬಿದ್ದಿದೆ ಎಂದಾದರೂ ಆಗುತ್ತಿತ್ತು. ನಕ್ಕರು, ಅಷ್ಟೆ. ಬಿಸಿಲಲ್ಲಿ ತಿರುಗಬೇಡ ಎಂದು ಒಬ್ಬ ಮುದುಕಿ ಕನಿಕರದಿಂದ ಹೇಳಿದಳು. ಅವನು ಮಾಡಿದ ಕೆಲಸ ಅಷ್ಟು ಚೊಕ್ಕವಾಗಿತ್ತು, ಅದೊಂದು ಕೆಲಸವೆಂದೇ ಯಾರಿಗೂ ತೋರಲಿಲ್ಲ.

ಹೆಬ್ಬಳ್ಳಿ ಸರ್ ಮಾತ್ರ ಸುಮ್ಮನೆ ಎತ್ತಿನ ಹತ್ತಿರ ಹೋಗಿ ಅದರ ಭುಜದ ಮೇಲೆ ಬೆರಳೆಳೆದರು. ಬೆರಳಿಗೆ ಹತ್ತಿದ್ದನ್ನು ಉಜ್ಜಿ ನೋಡಿ, ಶಿಷ್ಯನ ಕಡೆ ತಿರುಗಿ ಸಣ್ಣಗೆ ನಕ್ಕರು. ಆ ನಗು ನೋಡಿ ಖಂಡೆಪ್ಪನಿಗೆ ಜೀವ ಬಂತು. ಅಷ್ಟರಲ್ಲೇ ಮಧ್ಯಾಹ್ನದಿಂದ ಕಟ್ಟಿಕೊಂಡಿದ್ದ ಮೋಡ ಒಡೆದು ಹನಿ ಬಿತ್ತು.

ಹನಿ ಬಿದ್ದು ಮಳೆಯಾಯಿತು. ಯಾರೂ ಓಡಲಿಲ್ಲ, ಕಾರ ಹುಣ್ಣಿಮೆಯ ಮಳೆಗೆ ಯಾರು ಓಡುತ್ತಾರೆ? ಮೊದಲು ಎತ್ತಿನ ಬೆನ್ನ ಮೇಲೆ ಒಂದು ಕೆಂಪು ಗೆರೆ ಮೂಡಿತು. ಆಮೇಲೆ ಕುತ್ತಿಗೆ ಕೆಂಪಾಯಿತು. ಹಾಲಿನಂಥ ನೀರು ಕಾಲಿನಿಂದ ಇಳಿದು ಅಗಸಿಯ ಕಲ್ಲುಗಳ ನಡುವೆ ಹರಿಯಿತು. ತನ್ನ ಇಡೀ ದಿನದ ಕೆಲಸ ಕಣ್ಣೆದುರು ಕರಗಿಹೋಗುವುದನ್ನು ನೋಡಿ ಸಂತೋಷಪಟ್ಟ ಕಲಾವಿದ ಖಂಡೆಪ್ಪನೊಬ್ಬನೇ ಇರಬೇಕು. ಈಗಲಾದರೂ ಇವರು ನನ್ನ ಕಡೆ ತಿರುಗಲೇಬೇಕು, ಬೈದರೆ ಬೈಯಲಿ, ಹೊಡೆದರೆ ಹೊಡೆಯಲಿ ಎಂದುಕೊಂಡ.

ಮಳೆ ಬಂದಷ್ಟೇ ಬೇಗ ನಿಂತಿತು. ಅಗಸಿಯಲ್ಲಿ ಅಪ್ಪಟ ಕೆಂದೆತ್ತೊಂದು ಕಿವಿ ಕೊಡವುತ್ತ ನಿಂತಿತ್ತು. ಗುರುಲಿಂಗಪ್ಪ ಹೆಗಲಿನಿಂದ ತಾನಾಗಿ ಇಳಿದು, ಓಡಲು ದಾರಿ ಹುಡುಕತೊಡಗಿದ. ಎಲ್ಲರ ಕಣ್ಣು ರೇವಪ್ಪ ಮುತ್ಯಾನ ಮೇಲೆ ನೆಟ್ಟಿತು. ಮುತ್ಯಾ ಎತ್ತಿನ ಸುತ್ತ ಒಂದು ಸುತ್ತು ಬಂದ. ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಎರಡೂ ಕೈ ಮುಗಿದ.

“ಬಿಳೇದಾಗಿ ಹರೀತು, ಕೆಂದ ಆಗಿ ನಿಂತು,” ಎಂದ. “ಈ ವರ್ಷ ಮುಂಗಾರೀನೂ ಐತಿ, ಹಿಂಗಾರೀನೂ ಐತಿ. ಬಸವಣ್ಣ ಎರಡೂ ಕೊಟ್ಟಾನ.”

ಊರು ಹಸಿ ನೆಲದ ಮೇಲೆ ಉದ್ದಕ್ಕೆ ಬಿತ್ತು. ಎಲ್ಲರಿಗಿಂತ ಮೊದಲು ಬಿದ್ದವನು ಗುರುಲಿಂಗಪ್ಪ. ನಬಿಲಾಲನೂ ಟೊಪ್ಪಿಗೆ ಸರಿಮಾಡಿಕೊಂಡು ಕೈ ಮುಗಿದ. ನಿಂತವರು ಇಬ್ಬರೇ, ಖಂಡೆಪ್ಪ ಮತ್ತು ಅವನ ಸರ್. ಅಂಟು, ಅಸ್ತರು ಎಂದು ಹೇಳಲು ಖಂಡೆಪ್ಪ ಬಾಯಿ ತೆರೆದ. ಸರ್ ಅವನ ತೋಳು ಹಿಡಿದು, ಈಗ ಬೇಡ ಎಂದರು.

ಎದ್ದವನೇ ಗುರುಲಿಂಗಪ್ಪ ಮುಂಗೈಯಿಂದ ಮುಖ ಒರೆಸಿಕೊಂಡು, ಇಂಥ ಬಸವಣ್ಣನ ಚಿತ್ರ ಅಗಸಿಯಲ್ಲಿ ಶಾಶ್ವತವಾಗಿ ಇರಬೇಕು, ಇವತ್ತೇ ಬರೆಸಬೇಕು ಎಂದ. ಹೌದು ಹೌದು ಎಂದಿತು ಊರು. ಗುರುಲಿಂಗಪ್ಪ ಜನರನ್ನು ದಾಟಿಕೊಂಡು ನೇರವಾಗಿ ಖಂಡೆಪ್ಪನ ಕಡೆಗೇ ಬರತೊಡಗಿದ. ಖಂಡೆಪ್ಪನ ಎದೆ ಹಲಗೆಯಂತೆ ಬಡಿಯಿತು. ಮಾಡಿದ ತಪ್ಪನ್ನು ತಿದ್ದಿಕೊಳ್ಳಲು ಬರುತ್ತಿದ್ದಾನೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತು. ಬಿಳಿಯ ಕೈಗಳನ್ನು ಅಂಗಿಗೆ ಒರೆಸಿಕೊಂಡ.

ಗುರುಲಿಂಗಪ್ಪ ಅವನ ಪಕ್ಕದಿಂದ ಹಾಯ್ದು ಹೆಬ್ಬಳ್ಳಿ ಸರ್ ಕಾಲು ಮುಟ್ಟಿದ.

“ಧಾರವಾಡದಿಂದ ನೀವು ಇವತ್ತ ಸುಮ್ಮ ಬಂದಿಲ್ರಿ. ಬಸವಣ್ಣನ ಕರಸ್ಯಾನ,” ಎಂದ. “ನೀವ ಚಿತ್ರ ತಗೀಬೇಕು. ಇವರ ಕಡಿಂದ ನಾನ ತಗಸೇನಿ ಅಂತ ಊರ ಮುಂದ ಹೇಳ್ತೇನಿ.”

ಸರ್ ಶಿಷ್ಯನ ಮುಖ ನೋಡಿದರು, ಎತ್ತನ್ನು ನೋಡಿದರು, ಕೈ ಮುಗಿದು ನಿಂತ ಜನರನ್ನು ನೋಡಿದರು. ಖಂಡೆಪ್ಪ ಕಾದ. ಇವನೇ ಬರೆಯಲಿ ಎಂದು ಅವರು ಒಂದು ಮಾತು ಅಂದರೆ ಸಾಕಿತ್ತು. ಸರ್ ಅವನ ಕಿವಿಯ ಹತ್ತಿರ ಬಾಗಿದರು.

“ಖಂಡೆಪ್ಪಾ, ಸ್ವತಂತ್ರ ಆಗ್ರಿ ಅಂತ ಎಷ್ಟ ಹುಡುಗರಿಗೆ ಕಲಿಸೇನಿ. ಸಂಬಳಾ ತಗೊಂಡ ಕಲಿಸೇನಿ. ನನ್ನ ಕಡಿಂದ ಚಿತ್ರಾ ಬೇಕು ಅಂತ ಇವತ್ತಿನ ತನಕ ಒಬ್ಬರೂ ಕೇಳಿಲ್ಲ ನೋಡು.” ಎತ್ತಿನ ಕಡೆ ಕಣ್ಣು ಹೊರಳಿಸಿ ಅಂದರು, “ನಿನ್ನ ಪರೀಕ್ಷಾ ಮುಂದಿನ ವರ್ಷ ನೋಡೋಣಂತ.”

ಖಂಡೆಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ಆ ಹಸಿವು ಅವನಿಗೆ ಗೊತ್ತಿದ್ದದ್ದೇ.

ಕ್ಯಾನ್ವಾಸು ಖಂಡೆಪ್ಪನ ಮನೆಯಿಂದಲೇ ಬಂತು, ಬಣ್ಣವೂ ಅವನದೇ. ಸಿದ್ದವ್ವ ಸಂಡಿಗೆ ಕೊಡವಿ, ಸರ್‌ಗಾಗಿ ತಾನೇ ಹೊತ್ತು ತಂದಳು. ಪವಾಡದ ಎತ್ತಿನ ಹಗ್ಗ ಹಿಡಿಯಲು ಯಾರಿಗೂ ಧೈರ್ಯವಾಗಲಿಲ್ಲ. ಎತ್ತು ಖಂಡೆಪ್ಪನನ್ನು ಕಂಡು ತಾನೇ ಹತ್ತಿರ ಬಂದು ಅವನ ಕೈ ನೆಕ್ಕಿದ್ದರಿಂದ ಹಗ್ಗ ಅವನ ಪಾಲಿಗೆ ಬಂತು. ಇಳಿಬಿಸಿಲು ಮೋಡದ ಕೆಳಗಿನಿಂದ ಅಗಸಿಯ ಮೇಲೆ ಬಿದ್ದಿತ್ತು. ತಾಂಬಾದ ಹೆಂಗಸರು, ಗಂಡಸರು, ಮುದುಕರು ಹೆಬ್ಬಳ್ಳಿ ಸರ್ ಹಿಂದೆ ಅರ್ಧ ಸುತ್ತು ಕಟ್ಟಿ, ಒಬ್ಬರ ಭುಜದ ಮೇಲಿಂದ ಒಬ್ಬರು ಇಣುಕುತ್ತ, ಇದ್ದಿಲಿನ ಒಂದೊಂದು ಗೆರೆಗೂ ಉಸಿರು ಬಿಗಿಹಿಡಿಯುತ್ತ ನಿಂತಿದ್ದರು. ಅಷ್ಟೂ ಮುಖಗಳು ಖಂಡೆಪ್ಪನಿಗೆ ಎದುರಾಗಿಯೇ ಇದ್ದವು. ಅವನು ಒಂದೊಂದನ್ನೇ ನೋಡುತ್ತ ನಿಂತ.

ಸರ್ ಕ್ಯಾನ್ವಾಸಿನ ಹಿಂದಿನಿಂದ ತಲೆ ಎತ್ತಿದರು.

“ಖಂಡೆಪ್ಪಾ, ಒಂಚೂರ ಆಚೆ ಸರಿ,” ಎಂದರು. “ಎತ್ತು ಕಾಣವಲ್ದು.”

ಖಂಡೆಪ್ಪ ಸರಿದು ನಿಂತ.